ಡೆನ್ಮಾರ್ಕಿನ ಶಾಲೆ, ದುರ್ಗದ ಗಡಿಸೀಮೆ

ಐರೋಪ್ಯ ಒಕ್ಕೂಟ ವಯಸ್ಕರ ಶಿಕ್ಷಣಕ್ಕೆಂದು ತೆಗೆದಿಟ್ಟ ಹಣಕ್ಕೆ 2000ದಿಂದ 2013ರವರೆಗೆ ಡೆನ್ಮಾರ್ಕಿನ ಒಬ್ಬ ಪಾದ್ರಿಯ ಹೆಸರಿತ್ತು. ನಿಕೊಲಾಯ್ ಫ್ರೆಡರಿಕ್ ಸೆವೆರಿನ್ ಗ್ರುಂಟ್ವಿಗ್ (1783–1872) ಕವಿ, ಚರಿತ್ರಕಾರ, ಚರ್ಚಿನ ಹಾಡುಗಳನ್ನು ಬರೆದವನು, ಜೊತೆಗೆ ಜೀವಮಾನವಿಡೀ ಪರೀಕ್ಷೆ ಎಂಬುದನ್ನು ಕಂಡರಾಗದವನು. ‘ಗ್ರುಂಟ್ವಿಗ್’ ಕಾರ್ಯಕ್ರಮದ ವ್ಯವಸ್ಥೆ ಸರಳವಾಗಿತ್ತು. ಒಂದು ದೇಶದ ಸಂಜೆ ತರಗತಿಯ ಶಿಕ್ಷಕರೋ ಕಲಿಯುವವರೋ ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿ ದೊಡ್ಡವರು ಹೇಗೆ ಕಲಿಯುತ್ತಾರೆಂದು ನೋಡಿ ಬರಬೇಕು, ಹೋಗಿಬರುವ ಖರ್ಚು ಒಕ್ಕೂಟದ್ದು. ಸಹಭಾಗಿತ್ವದ ಯೋಜನೆಯಾದರೆ ಕನಿಷ್ಠ ಮೂರು ದೇಶಗಳ ಸಂಸ್ಥೆಗಳು ಕೂಡಬೇಕು. ಒಂದೇ ದೇಶದವರು ಅರ್ಜಿ ಹಾಕಿಕೊಂಡರೆ ಅದಕ್ಕೆ ಬೆಲೆಯಿಲ್ಲ. 2014ರಲ್ಲಿ ಈ ಕಾರ್ಯಕ್ರಮ ಎರಾಸ್ಮಸ್ ಪ್ಲಸ್ ಎಂಬ ದೊಡ್ಡ ಯೋಜನೆಯೊಳಗೆ ಸೇರಿಹೋಯಿತು. 2021ರಿಂದ 2027ರ ಅವಧಿಗೆ ಆ ಯೋಜನೆಗೆ ಇಟ್ಟಿರುವ ಹಣ ಸುಮಾರು 2,600 ಕೋಟಿ ಯೂರೊ. ಅದರಲ್ಲಿ ವಯಸ್ಕರ ಪಾಲು ಚಿಕ್ಕದು. ಎಲ್ಲ ಕಡೆಯಂತೆ ಅಲ್ಲಿಯೂ ಮಕ್ಕಳದೂ ಕಾಲೇಜಿನವರದೂ ಮೊದಲ ಪಂಕ್ತಿ.

ಈ ಹಣ ಚಿತ್ರದುರ್ಗ ಜಿಲ್ಲೆಯ ನಮ್ಮ ಗಡಿ ತಾಲ್ಲೂಕುಗಳಾದ ಚಳ್ಳಕೆರೆ, ಮೊಳಕಾಲ್ಮುರಿನ ತನಕ ಬರುವುದಿಲ್ಲ. ಒಕ್ಕೂಟದ ದೇಶಗಳು, ಕಾರ್ಯಕ್ರಮಕ್ಕೆ ಸೇರಿದ ಅಕ್ಕಪಕ್ಕದ ಕೆಲವು ದೇಶಗಳು, ಇವುಗಳ ಒಳಗೇ ಅದು ಸುತ್ತುತ್ತದೆ. ಹಾಗಿದ್ದೂ ಈ ಸಂಚಿಕೆಯಲ್ಲಿ ಅದರ ಮಾತೆತ್ತಲು ಕಾರಣವಿದೆ. ಬ್ರಸೆಲ್ಸಿನ ಕಚೇರಿಗಳು ಗ್ರುಂಟ್ವಿಗ್‌ನ ಹೆಸರನ್ನು ಕಡತಕ್ಕೆ ಅಂಟಿಸುವ ಅರ್ಧ ಶತಮಾನ ಮೊದಲೇ ಅವನ ಶಾಲೆಯ ಕಲ್ಪನೆ ಮೈಸೂರು ಸಂಸ್ಥಾನಕ್ಕೆ ಬಂದಿತ್ತು. ಆಮೇಲೆ ಅವನ ದೇಶದ ಹಣವೂ ಬಂತು, ಹಿಂದೆಯೇ ಡಚ್ಚರದು, ಸ್ವಿಸ್ಸರದು. ಸ್ಮರಣ ಸಂಚಿಕೆಗಳಲ್ಲಿ ಸಂಸ್ಥೆಯ ಚರಿತ್ರೆ ಎಂದರೆ ಕಟ್ಟಡದ ಅಡಿಗಲ್ಲು, ಅಧ್ಯಕ್ಷರ ಪಟ್ಟಿ, ಅನುದಾನದ ಮೊತ್ತ ಎಂದಾಗಿಬಿಟ್ಟಿದೆ. ಆ ದಾರಿ ಬಿಟ್ಟು ಒಂದು ಕಲ್ಪನೆ ನಮ್ಮ ಸೀಮೆಗೆ ಬರುವಾಗ ಏನನ್ನು ಹೊತ್ತು ತಂದಿತು, ಏನನ್ನು ದಾರಿಯಲ್ಲೇ ಬಿಟ್ಟು ಬಂತು ಎಂದು ನೋಡುವುದು ಇಲ್ಲಿನ ಉದ್ದೇಶ. ಬಿಟ್ಟುಬಂದದ್ದು ಗಡಿಯನ್ನು ಎಂಬುದು ನನ್ನ ವಾದ.

ಮೊದಲು ಗ್ರುಂಟ್ವಿಗ್‌ನ ಶಾಲೆ ಹುಟ್ಟಿದ ಜಾಗವನ್ನು ನೋಡಬೇಕು. 1844ರ ನವೆಂಬರಿನಲ್ಲಿ ಮೊದಲ ‘ಜನತಾ ಪ್ರೌಢಶಾಲೆ’ ತೆರೆದದ್ದು ರಾಜಧಾನಿ ಕೋಪನ್‌ಹೇಗನ್ನಿನಲ್ಲಲ್ಲ, ರೋಡಿಂಗ್ ಎಂಬ ಹಳ್ಳಿಯಲ್ಲಿ. ಆ ಹಳ್ಳಿ ಶ್ಲೆಸ್ವಿಗ್ ಎಂಬ ಗಡಿಪ್ರಾಂತಕ್ಕೆ ಸೇರಿತ್ತು. ದೊರೆ ಡೆನ್ಮಾರ್ಕಿನವನು, ಕೋರ್ಟು ಕಚೇರಿಯ ಭಾಷೆ ಬಹುಮಟ್ಟಿಗೆ ಜರ್ಮನ್, ಉತ್ತರದ ಹಳ್ಳಿಗಳ ರೈತನ ಮನೆಮಾತು ಡೇನಿಷ್. ಪತ್ರ ಓದಿಸಿಕೊಳ್ಳಲು, ತಕರಾರು ಹೇಳಿಕೊಳ್ಳಲು ಇನ್ನೊಬ್ಬರ ಬಾಯಿಯನ್ನೇ ಕಾಯಬೇಕಾದ ರೈತರಿಗೆ ಬೇಕಾದದ್ದು ಲ್ಯಾಟಿನ್ ಕಲಿಸುವ ಶಾಲೆಯಾಗಿರಲಿಲ್ಲ. ಚಳಿಗಾಲದಲ್ಲಿ ಹೊಲ ಖಾಲಿಯಿದ್ದಾಗ ಪ್ರಾಯದ ಗಂಡಸರು ಬಂದು ಕೆಲವು ತಿಂಗಳು ಒಟ್ಟಿಗೆ ಉಂಡು ಮಲಗಿ, ತಮ್ಮ ಭಾಷೆಯಲ್ಲೇ ಚರಿತ್ರೆ, ಹಾಡು, ಕಾನೂನು, ಬೇಸಾಯದ ಮಾತು ಕೇಳಿ ಹೋಗುವ ಜಾಗ ಅವರಿಗೆ ಬೇಕಿತ್ತು. ಪರೀಕ್ಷೆ ಇಲ್ಲ, ಸರ್ಟಿಫಿಕೇಟಿಲ್ಲ. ಪುಸ್ತಕಕ್ಕಿಂತ ಬಾಯಿಮಾತಿಗೆ ಬೆಲೆ. ಮುಂದೆ ಇಂಥ ಶಾಲೆಗಳು ಡೆನ್ಮಾರ್ಕಿನ ಉದ್ದಗಲಕ್ಕೂ ಹಬ್ಬಿದವು, ಬೇಸಗೆಯ ತಿಂಗಳುಗಳಲ್ಲಿ ಹೆಣ್ಣುಮಕ್ಕಳೂ ಬಂದರು. 1882ರಲ್ಲಿ ಶುರುವಾದ ಅಲ್ಲಿನ ಸಹಕಾರಿ ಡೇರಿಗಳು ಅಷ್ಟು ಬೇಗ ಬೆಳೆದದ್ದಕ್ಕೆ ಈ ಶಾಲೆಗಳಲ್ಲಿ ಕೂತೆದ್ದ ರೈತರೇ ಕಾರಣವೆಂದು ಡೇನಿಷರು ಹೇಳಿಕೊಳ್ಳುತ್ತಾರೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಪೂರ್ತಿ ಸುಳ್ಳಲ್ಲ.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತಿತು, ಶ್ಲೆಸ್ವಿಗ್ ಕೈತಪ್ಪಿತು. ರೋಡಿಂಗ್ ಇದ್ದಲ್ಲೇ ಇತ್ತು, ಗಡಿ ಮಾತ್ರ ಅದನ್ನು ದಾಟಿ ಉತ್ತರಕ್ಕೆ ಸರಿಯಿತು. ಶಾಲೆಯ ಮುಖ್ಯಸ್ಥ ಲುಡ್ವಿಗ್ ಶ್ರೋಡರ್ ಮರುವರ್ಷವೇ ಹೊಸ ಗಡಿಯ ಆಚೆ ಬದಿಯ ಆಸ್ಕೊವ್ ಎಂಬ ಊರಿನಲ್ಲಿ ಶಾಲೆ ಹೂಡಿದ. 1920ರಲ್ಲಿ ಜನಮತಗಣನೆ ನಡೆದು ಉತ್ತರ ಶ್ಲೆಸ್ವಿಗ್ ಮತ್ತೆ ಡೆನ್ಮಾರ್ಕಿಗೆ ಬಂತು, ರೋಡಿಂಗಿನ ಶಾಲೆಯೂ ಮತ್ತೆ ತೆರೆಯಿತು. ಆದರೂ ಗೆರೆಯ ಈಚೆ ಜರ್ಮನ್ ಮಾತಾಡುವವರು ಉಳಿದರು, ಆಚೆ ಡೇನಿಷ್ ಮಾತಾಡುವವರು ಉಳಿದರು. ಗಡಿ ಎಲ್ಲಿ ಎಳೆದರೂ ಹಾಗೆಯೇ ಆಗುವುದು. 1955ರಲ್ಲಿ ಬಾನ್ ಮತ್ತು ಕೋಪನ್‌ಹೇಗನ್ ಸರ್ಕಾರಗಳು ಒಂದೇ ದಿನ ಎರಡು ಘೋಷಣೆ ಹೊರಡಿಸಿ, ತಮ್ಮ ತಮ್ಮ ನೆಲದಲ್ಲಿ ಉಳಿದ ಇನ್ನೊಬ್ಬರ ಭಾಷಿಕರಿಗೆ ಶಾಲೆ, ಸಂಘ ನಡೆಸಿಕೊಳ್ಳುವ ಹಕ್ಕನ್ನು ಒಪ್ಪಿಕೊಂಡವು. ಗ್ರುಂಟ್ವಿಗ್‌ನ ಕಾಲದಲ್ಲಿ ಜರ್ಮನ್ನಿಗೆ ಎದುರು ನಿಲ್ಲಲು ಹುಟ್ಟಿದ ಶಾಲೆ ನೂರು ವರ್ಷದ ಮೇಲೆ ಎರಡೂ ಬದಿಯವರು ಕೂಡುವ ನೆಲದಲ್ಲಿ ಬಾಳಿತು.

ಮೈಸೂರಿಗೆ ಬರೋಣ. ದೊಡ್ಡವರಿಗೆ ಅಕ್ಷರ ಕಲಿಸುವುದು ಈ ಸಂಸ್ಥಾನಕ್ಕೆ ಹೊಸದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ ರಾತ್ರಿ ಶಾಲೆಗಳು ಶುರುವಾಗಿದ್ದವು. ಲಾಟೀನು, ಒಂದು ಹಲಗೆ, ಹಗಲೆಲ್ಲ ಮಕ್ಕಳಿಗೆ ಪಾಠ ಹೇಳಿ ದಣಿದ ಅದೇ ಮೇಷ್ಟ್ರು. 1940ರ ದಶಕದ ಆರಂಭದಲ್ಲಿ ಮೈಸೂರು ನಗರದಲ್ಲಿ ಎದ್ದ ಸಾಕ್ಷರತೆಯ ಚಳವಳಿ ಸಂಸ್ಥಾನದ ಮಟ್ಟದ ಸಮಿತಿಯಾಗಿ ಬೆಳೆಯಿತು. ಅದೇ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ, ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ರಾಜ್ಯ ವಯಸ್ಕರ ಶಿಕ್ಷಣ ಸಮಿತಿ. ಅಕ್ಷರ ಕಲಿಸಿ ಕೈತೊಳೆದುಕೊಂಡರೆ ಆರು ತಿಂಗಳಲ್ಲಿ ಮತ್ತೆ ಹೆಬ್ಬೆಟ್ಟೇ ಗತಿ ಎಂಬುದನ್ನು ಈ ಸಮಿತಿಯವರು ಬೇಗ ಅರ್ಥಮಾಡಿಕೊಂಡರು. ಹೊಸದಾಗಿ ಓದಲು ಕಲಿತವರಿಗೆಂದೇ ದಪ್ಪಕ್ಷರದ ‘ಬೆಳಕು’ ವಾರಪತ್ರಿಕೆ ತಂದರು. ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆ ನಡೆಸಿದರು, ಹಳ್ಳಿಗಳಲ್ಲಿ ವಾಚನಾಲಯ ಕಟ್ಟಿದರು.

1947ರಲ್ಲಿ ನಂಜನಗೂಡಿನಲ್ಲಿ ಮೊದಲ ವಿದ್ಯಾಪೀಠ ತೆರೆಯಿತು. ಕಲ್ಪನೆ ನೇರವಾಗಿ ಡೆನ್ಮಾರ್ಕಿನದು. ಹಳ್ಳಿಯ ತರುಣರು ಕೆಲವು ತಿಂಗಳು ಅಲ್ಲೇ ಉಳಿದು ಬೇಸಾಯ, ಕೈಕಸುಬು, ಸಹಕಾರ, ಊರಿನ ಆಡಳಿತ ಕಲಿಯಬೇಕು, ಹಾಡಬೇಕು, ನಾಟಕವಾಡಬೇಕು, ಆಮೇಲೆ ನೌಕರಿ ಹುಡುಕಿಕೊಂಡು ಪೇಟೆಗೆ ಹೋಗದೆ ತಮ್ಮ ಊರಿಗೇ ಮರಳಬೇಕು. ಮಂಡ್ಯ ಸೀಮೆಯ ಶಿವಾರಗುಡ್ಡ ಮೊದಲಾದ ಕಡೆಗಳಲ್ಲಿಯೂ ವಿದ್ಯಾಪೀಠಗಳು ಬಂದವು. 1949ರಲ್ಲಿ ಹೊರಬಂದ ರಾಧಾಕೃಷ್ಣನ್ ಆಯೋಗದ ವರದಿ ಗ್ರಾಮೀಣ ವಿಶ್ವವಿದ್ಯಾಲಯಗಳ ಮಾತಾಡುತ್ತ ಡೇನಿಷ್ ಶಾಲೆಗಳನ್ನು ಬಾಯ್ತುಂಬ ಹೊಗಳಿತು. ಅಷ್ಟು ಹೊತ್ತಿಗೆ ಮೈಸೂರಿನವರು ಒಂದನ್ನು ನಡೆಸಿಯೂ ಆಗಿತ್ತು.

ಅದೇ 1949ರ ಜೂನ್‌ನಲ್ಲಿ ಯುನೆಸ್ಕೊ ತನ್ನ ಮೊದಲ ಅಂತರರಾಷ್ಟ್ರೀಯ ವಯಸ್ಕರ ಶಿಕ್ಷಣ ಸಮ್ಮೇಳನ ಕರೆದದ್ದು ಡೆನ್ಮಾರ್ಕಿನ ಎಲ್ಸಿನೋರ್‌ನಲ್ಲಿ. ಹ್ಯಾಮ್ಲೆಟ್ಟನ ಕೋಟೆಯಿರುವ ಊರು ಅದು. ಪೀಟರ್ ಮನ್ನಿಕೆ 1921ರಲ್ಲಿ ಅಂತರರಾಷ್ಟ್ರೀಯ ಜನತಾ ಕಾಲೇಜು ತೆರೆದ ಊರೂ ಹೌದು. ಸಮ್ಮೇಳನ ಮುಗಿದು ಐದು ತಿಂಗಳೂ ಆಗಿರಲಿಲ್ಲ, ನವೆಂಬರ್ 2ರಿಂದ ಡಿಸೆಂಬರ್ 14ರವರೆಗೆ ಯುನೆಸ್ಕೊದ ಗ್ರಾಮೀಣ ವಯಸ್ಕರ ಶಿಕ್ಷಣ ಶಿಬಿರ ಮೈಸೂರಿನಲ್ಲಿ ಸೇರಿತು. ಏಷ್ಯಾದ ಹಲವು ದೇಶಗಳಿಂದ ಬಂದವರು ಆರು ವಾರ ಇಲ್ಲಿದ್ದರು. ಇಂದಿನ ಐರೋಪ್ಯ ನಿಧಿಯವರು ‘ವಿನಿಮಯ’ ಎನ್ನುವುದು ಇದನ್ನೇ. ನಾವು ಅದನ್ನು ಐರೋಪ್ಯ ಒಕ್ಕೂಟ ಹುಟ್ಟುವ ಮೊದಲೇ ಮಾಡಿದ್ದೆವು, ಅದೂ ಕೊಡುವವರಾಗಿ, ಅತಿಥಿಗಳಿಗೆ ತೋರಿಸಲು ನಮ್ಮದೇ ಒಂದು ಪ್ರಯೋಗ ಇಟ್ಟುಕೊಂಡು.

ಆದರೆ ಆ ಪ್ರಯೋಗ ನಮ್ಮ ಸೀಮೆಗೆ ದೂರದ್ದು. ಚಳ್ಳಕೆರೆಯಿಂದ ನಂಜನಗೂಡು ಮುನ್ನೂರು ಕಿಲೋಮೀಟರಿಗೆ ಹತ್ತಿರ. ಕಾವೇರಿ ಸೀಮೆಯ ಬೇಸಾಯ, ಕಬಿನಿಯ ದಂಡೆ, ಮೈಸೂರಿನ ಕನ್ನಡ. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ನೋಡುವ, ಶೇಂಗಾ, ಕುರಿ, ಕಂಬಳಿ ನಂಬಿಕೊಂಡ ಸೀಮೆಗೆ ಅದು ಬೇರೆಯದೇ ಲೋಕ. ಶಾಲೆಯ ಜೊತೆ ಹೊಲವೂ ಇರಬೇಕು ಎಂಬುದು ಡೇನಿಷ್ ಪಾಠವಾದರೆ, ಯಾವ ಹೊಲ ಎಂಬ ಪ್ರಶ್ನೆಗೆ ಮೈಸೂರು ಕೊಟ್ಟ ಉತ್ತರ ತನ್ನ ಸುತ್ತಮುತ್ತಲಿನ ಹೊಲ.

ಇಲ್ಲೊಂದು ಸಣ್ಣ ಅಡ್ಡಮಾತು. ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದ 1947ರಲ್ಲೇ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ನೆಲ ಅಗೆಸುತ್ತಿದ್ದ. ಆ ಗುಡ್ಡದ ಬುಡದಲ್ಲೂ ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಇರುವ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದಿದ್ದರು. ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ತಂದೆತಾಯಿಗೆ ವಿಧೇಯರಾಗಿರಿ, ಗುರುವನ್ನು ಗೌರವಿಸಿ, ನಿಜ ನುಡಿಯಿರಿ ಎಂದು ಬೆಳೆದ ಜನಕ್ಕೆ ಹೇಳುವ ಪಾಠ. ಬರೆದವನು ಚಪಡ. ಬ್ರಾಹ್ಮಿಯಲ್ಲಿ ಶಾಸನ ಮುಗಿಸಿ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ, ಅಂದರೆ ಸಾವಿರ ಮೈಲಿಗೂ ಹೆಚ್ಚು ದೂರದ ವಾಯವ್ಯ ಭಾರತದ ಲಿಪಿಯಲ್ಲಿ ಬರೆದು ಹೋಗಿದ್ದಾನೆ. ಆಳುವವರ ಹಣ, ಹೊರಗಿನ ಬರಹಗಾರ, ಮೇಲಿನಿಂದ ಬಂದ ಸಂದೇಶ. ನಮ್ಮಲ್ಲಿ ವಯಸ್ಕರ ಶಿಕ್ಷಣದ ನಡಾವಳಿ ಆಗಿನಿಂದ ಹೆಚ್ಚು ಬದಲಾಗಿಲ್ಲ ಎಂದು ತಮಾಷೆಗೆ ಹೇಳಬಹುದು.

ಮತ್ತೆ ಗಡಿಯ ಮಾತಿಗೆ ಬರೋಣ. ರೋಡಿಂಗಿನ ಗಡಿಯನ್ನು ಮೈಸೂರಿನ ವಿದ್ಯಾಪೀಠ ಏಕೆ ಹೊತ್ತು ತರಲಿಲ್ಲ? ತರಬೇಕೆಂದು ಯಾರಿಗೂ ಅನ್ನಿಸಿರಲಾರದು. ಮೈಸೂರಿನಿಂದ ನೋಡುವವರಿಗೆ ಮೊಳಕಾಲ್ಮುರು ಸಂಸ್ಥಾನದ ಒಂದು ಮೂಲೆ, ಅದರಾಚೆ ಬ್ರಿಟಿಷರ ಮದ್ರಾಸು. ರಾಯದುರ್ಗ ಆಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಬಂತು. ಮೊಳಕಾಲ್ಮುರಿನಿಂದ ರಾಯದುರ್ಗಕ್ಕೆ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು. ಹೆಣ್ಣು ಕೊಟ್ಟು ತರುವುದು, ನೂಲು, ಸೀರೆ, ಕುರಿ ಸಂತೆ, ದೇವರ ಎತ್ತು, ಹರಕೆ ಎಲ್ಲವೂ ಗೆರೆಯ ಎರಡೂ ಬದಿಗೆ ಹರಡಿಕೊಂಡಿವೆ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬರುವ ಆಂಧ್ರದ ಜನವನ್ನು ನೋಡಿದರೆ ಗಡಿ ಯಾವ ಕಡೆ ಎಂದು ಹೇಳುವುದು ಕಷ್ಟ. ಮ್ಯಾಸಬೇಡರ ಎಷ್ಟೋ ಹಟ್ಟಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಆಚೆ ರಾಯದುರ್ಗದ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ರೋಡಿಂಗಿನ ರೈತ ಇಲ್ಲಿಗೆ ಬಂದಿದ್ದರೆ ಅವನಿಗೆ ಏನನ್ನೂ ಬಿಡಿಸಿ ಹೇಳಬೇಕಿರಲಿಲ್ಲ.

ಡೆನ್ಮಾರ್ಕ್ ಎರಡನೆಯ ಸಲ ಬಂದಾಗ ಕಲ್ಪನೆಯ ಜೊತೆ ಹಣವೂ ಇತ್ತು. 1980ರ ದಶಕದ ಆರಂಭದಲ್ಲಿ ಡೇನಿಷ್ ಸರ್ಕಾರದ ನೆರವು ಸಂಸ್ಥೆ ಡ್ಯಾನಿಡಾ ಕರ್ನಾಟಕದ ಕೃಷಿ ಇಲಾಖೆಯ ಮೂಲಕ ರೈತ ಮಹಿಳೆಯರ ತರಬೇತಿ ಮತ್ತು ವಿಸ್ತರಣಾ ಯೋಜನೆ ಶುರುಮಾಡಿತು. ಇಲಾಖೆಯವರ ಬಾಯಲ್ಲಿ ಅದು ‘ವೈಟೆಪ್’. ಮುಂದೆ ತಮಿಳುನಾಡು, ಒಡಿಶಾ, ಮಧ್ಯಪ್ರದೇಶಗಳಲ್ಲಿಯೂ ಇದೇ ಬಗೆಯ ಯೋಜನೆಗಳಿಗೆ ಡ್ಯಾನಿಡಾ ಹಣ ಕೊಟ್ಟಿತು. ಅಲ್ಲಿಯವರೆಗೆ ಕೃಷಿ ವಿಸ್ತರಣೆ ಎಂದರೆ ಗ್ರಾಮಸೇವಕ ಬಂದು ಕಟ್ಟೆಯ ಮೇಲೆ ಕೂತ ಗಂಡಸರಿಗೆ ಗೊಬ್ಬರದ ಲೆಕ್ಕ ಹೇಳಿ ಹೋಗುವುದು. ಬೀಜ ಆರಿಸುವವಳು, ಕಳೆ ತೆಗೆಯುವವಳು, ಶೇಂಗಾ ಬಿಡಿಸುವವಳು, ಕಾಳು ಹುಳ ಹಿಡಿಯದಂತೆ ಕಾಪಾಡುವವಳು ಮನೆಯೊಳಗೇ ಇರುತ್ತಿದ್ದಳು. ವೈಟೆಪ್ ಆ ಹೆಣ್ಣುಮಗಳನ್ನು ಮನೆಯಿಂದ ಹೊರಡಿಸಿ ಜಿಲ್ಲೆಯ ಕೃಷಿಕರ ತರಬೇತಿ ಕೇಂದ್ರಕ್ಕೆ ಕರೆತಂದು ಹಲವು ದಿನ ಅಲ್ಲೇ ಉಳಿಸಿಕೊಂಡಿತು. ನಮ್ಮ ಜಿಲ್ಲೆಗೆ ಅಂಥ ಕೇಂದ್ರ ಹಿರಿಯೂರಿನ ಬಬ್ಬೂರು ಫಾರಂ. ಪಾಠ ಹೇಳಲು ಇಲಾಖೆ ಮಹಿಳಾ ಕೃಷಿ ಸಹಾಯಕಿಯರನ್ನೇ ತೆಗೆದುಕೊಂಡಿತು. ಬೀಜೋಪಚಾರ, ಕಾಂಪೋಸ್ಟ್, ಒಡ್ಡು, ದವಸದ ಸಂಗ್ರಹ, ಹಿತ್ತಲ ತೋಟ. ತರಬೇತಿ ಮುಗಿದ ಮೇಲೆ ಸಹಾಯಕಿ ಹಳ್ಳಿಗೆ ಹೋಗಿ, ಕಲಿತದ್ದು ಹೊಲದಲ್ಲಿ ನಡೆಯುತ್ತಿದೆಯೇ ಎಂದು ನೋಡಬೇಕು.

ಒಣಬೇಸಾಯದ ಸೀಮೆಯಲ್ಲಿ ಇದರ ತೂಕ ಬೇರೆ. ಶೇಂಗಾ ಬೀಜಕ್ಕೆ ರೈಜೋಬಿಯಂ ಹಚ್ಚಿ ನೆರಳಲ್ಲಿ ಒಣಗಿಸಿ ಬಿತ್ತುವುದಕ್ಕೆ ಅಕ್ಷರ ಬೇಕಿಲ್ಲ, ನೀರಾವರಿಯೂ ಬೇಕಿಲ್ಲ. ನೋಡಿ ಕಲಿತರೆ ಸಾಕು. ಕಣ್ಣಿಂದ, ಕೈಯಿಂದ, ಮಾತಿಂದ ಕಲಿಸಿ, ಪರೀಕ್ಷೆ ಬೇಡ ಎಂದ ಗ್ರುಂಟ್ವಿಗ್‌ನ ಹಟ ಈ ಯೋಜನೆಯ ಕಾಗದದಲ್ಲಿ ಎಲ್ಲಿಯೂ ಇರಲಿಕ್ಕಿಲ್ಲ, ನಡವಳಿಕೆಯಲ್ಲಿ ಇತ್ತು. ನನ್ನನ್ನು ಕೇಳಿದರೆ ಐರೋಪ್ಯ ಹಣದಲ್ಲಿ ನಮ್ಮ ನೆಲದಲ್ಲಿ ನಡೆದ ವಯಸ್ಕರ ಶಿಕ್ಷಣಗಳಲ್ಲೆಲ್ಲ ಹೆಚ್ಚು ಸಾರ್ಥಕವಾದದ್ದು ಇದು. ಸಾಕ್ಷರತೆಯ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇಲ್ಲ, ಏಕೆಂದರೆ ಯಾರೂ ಇಲ್ಲಿ ಸಹಿ ಹಾಕಲು ಕಲಿಯಲಿಲ್ಲ. ಗಂಡನಿಲ್ಲದೆ ಬಸ್ಸು ಹತ್ತಿ ಜಿಲ್ಲೆಯ ಇನ್ನೊಂದು ತುದಿಗೆ ಹೋಗಿ, ಬೇರೆ ಜಾತಿಯವರ ಪಕ್ಕದಲ್ಲಿ ಕೂತು ಉಂಡು, ರಾತ್ರಿಯೆಲ್ಲ ಮಾತಾಡಿ ಬರುವುದು ಯಾವ ಪ್ರೈಮರಿನಲ್ಲಿಯೂ ಇಲ್ಲದ ಪಾಠ. ಒಂದೇ ಕೊರತೆ: ಚಳ್ಳಕೆರೆಯ ಹೆಂಗಸು ಹಿರಿಯೂರು ನೋಡಿದಳು, ಗಡಿಯಾಚೆ ಆಂಧ್ರದ ಕಲ್ಯಾಣದುರ್ಗ ನೋಡಲಿಲ್ಲ. ಅದೇ ಶೇಂಗಾ, ಅದೇ ಕೆಂಪುಮಸಾರಿ ಭೂಮಿ, ಅದೇ ಬರ. ಆದರೆ ಹಣ ಬೆಂಗಳೂರಿನ ಕೃಷಿ ಇಲಾಖೆಯ ಮೂಲಕ ಬಂದದ್ದು. ಅದು ಇಲಾಖೆಯ ಎಲ್ಲೆ ದಾಟಿ ಹೋಗುವ ಮಾತೇ ಇರಲಿಲ್ಲ.

ಉಳಿದ ಐರೋಪ್ಯ ಹಣದ ಕತೆ ಬೇಗ ಹೇಳಿ ಮುಗಿಸಬಹುದು. ಕೋಲಾರ, ಚಿತ್ರದುರ್ಗ, ಬಿಜಾಪುರ ಜಿಲ್ಲೆಗಳ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಡ್ಯಾನಿಡಾ ನೆರವು ಬಂತು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿ ಕೀಲು ಬಿಗಿದ ನಮ್ಮ ಎರಡು ತಾಲ್ಲೂಕಿಗೆ ಅದು ಬೇಕಾಗಿದ್ದ ನೆರವೇ. ರೇಷ್ಮೆಗೆ 1989ರ ನಂತರದ ರಾಷ್ಟ್ರೀಯ ರೇಷ್ಮೆ ಯೋಜನೆಯಲ್ಲಿ ವಿಶ್ವಬ್ಯಾಂಕಿನ ಜೊತೆ ಸ್ವಿಟ್ಜರ್ಲೆಂಡಿನ ಹಣವಿತ್ತು. ಅದರ ಗಮನವೆಲ್ಲ ಹಿಪ್ಪುನೇರಳೆ, ಹುಳು ಸಾಕಣೆ, ನೂಲು ಬಿಚ್ಚಾಣಿಕೆಯ ಕಡೆ. ಮೊಳಕಾಲ್ಮುರಿನ ಮಗ್ಗದ ಮುಂದೆ ಕೂತವನು ಎಂದಿನಂತೆ ಅಪ್ಪನಿಂದಲೇ ಕಲಿತ. ಆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಡಚ್ ಸರ್ಕಾರದ ಹಣದಲ್ಲಿ 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮದ ಬಗ್ಗೆ ಮಾತ್ರ ಸ್ವಲ್ಪ ಅಸೂಯೆಯಿಂದಲೇ ಬರೆಯಬೇಕು. ಉತ್ತರಪ್ರದೇಶ, ಗುಜರಾತ್, ಕರ್ನಾಟಕ, ಈ ಮೂರು ರಾಜ್ಯಗಳಲ್ಲಿ ಅದು ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಆರಿಸಿದ ಜಿಲ್ಲೆಗಳು ಬಿಜಾಪುರ, ಬೀದರ್, ಮೈಸೂರು. ಅಕ್ಷರ ಕಲಿಯಿರಿ ಎಂದು ಅದು ಯಾರ ಬೆನ್ನನ್ನೂ ಹತ್ತಲಿಲ್ಲ. ಹೆಂಗಸರು ಸಂಘದಲ್ಲಿ ಕೂತು ಕೂಲಿ, ನೀರು, ಕುಡಿತ, ದೇವದಾಸಿ ಪದ್ಧತಿ ಇವುಗಳ ಮಾತಾಡಲಿ, ಅಕ್ಷರ ಬೇಕೆನಿಸಿದಾಗ ಅವರೇ ಕೇಳುತ್ತಾರೆ ಎಂಬ ನಂಬಿಕೆ ಅದರದು. ಸಹಯೋಗಿನಿ ಎಂಬವಳು ಹತ್ತೆಂಟು ಹಳ್ಳಿ ತಿರುಗಿ ಸಂಘಗಳನ್ನು ಕಾಯುತ್ತಿದ್ದಳು. ನಮ್ಮ ಎರಡು ತಾಲ್ಲೂಕಿಗೆ ಹೇಳಿ ಮಾಡಿಸಿದಂಥ ಕೆಲಸ, ಆದರೆ ಮೊದಲ ಪಟ್ಟಿಯಲ್ಲಿ ನಮ್ಮ ಜಿಲ್ಲೆಯೇ ಇರಲಿಲ್ಲ.

ಹಣ ನಿಂತದ್ದಕ್ಕೂ ನಮ್ಮ ಹಳ್ಳಿಗಳಿಗೂ ಸಂಬಂಧವಿರಲಿಲ್ಲ. 1998ರ ಮೇ ತಿಂಗಳಲ್ಲಿ ಪೋಖ್ರಾನಿನಲ್ಲಿ ಅಣುಪರೀಕ್ಷೆ ನಡೆಯಿತು. ಡೆನ್ಮಾರ್ಕ್ ಭಾರತಕ್ಕೆ ಕೊಡುತ್ತಿದ್ದ ನೆರವನ್ನು ಹಂತಹಂತವಾಗಿ ಮುಗಿಸಲು ತೀರ್ಮಾನಿಸಿತು. 2003ರಲ್ಲಿ ಭಾರತವೇ ಅಮೆರಿಕ, ಬ್ರಿಟನ್, ಜಪಾನ್, ಜರ್ಮನಿ, ರಷ್ಯಾ, ಐರೋಪ್ಯ ಒಕ್ಕೂಟಗಳನ್ನು ಬಿಟ್ಟು ಬೇರೆಯವರಿಂದ ಸರ್ಕಾರದ ಮಟ್ಟದ ನೆರವು ಬೇಡ ಎಂದಿತು. ಡೆನ್ಮಾರ್ಕ್, ನೆದರ್ಲೆಂಡ್ಸ್, ಸ್ವೀಡನ್, ನಾರ್ವೆ ಎಲ್ಲ ಒಂದೇ ಸಾಲಿನಲ್ಲಿ ಹೊರಗಾದವು. ಸ್ವಾಭಿಮಾನದ ಮಾತು ಸರಿಯೇ. ಸಣ್ಣ ದೇಶಗಳ ಸಣ್ಣ ಹಣವೇ ಬಡ ಹೆಂಗಸರ ತನಕ ಬರುತ್ತಿತ್ತು ಎಂಬುದೂ ಸರಿಯೇ. ಮುಂದೆ ಮಹಿಳಾ ಸಮಖ್ಯಾಕ್ಕೆ ಕೆಲವು ವರ್ಷ ಬ್ರಿಟನ್ನಿನ ಹಣ ಸಿಕ್ಕಿತು, ಆಮೇಲೆ ಅದೂ ಮುಗಿಯಿತು. ಖಾಸಗಿ ಸಂಸ್ಥೆಗಳಿಗೆ ಹೊರದೇಶದ ದೇಣಿಗೆ ಬರುವ ದಾರಿ 1976ರ ಕಾನೂನು, 2010ರ ಹೊಸ ಕಾನೂನು, 2020ರ ತಿದ್ದುಪಡಿಗಳಿಂದ ಇಕ್ಕಟ್ಟಾಗುತ್ತ ಬಂತು. ಚರಿತ್ರೆಯ ವ್ಯಂಗ್ಯ ನೋಡಿ: ಅಣುಬಾಂಬಿನ ನೆಪದಲ್ಲಿ ಡೇನಿಷ್ ಹಣ ನಿಂತ ಹತ್ತು ಚಿಲ್ಲರೆ ವರ್ಷಕ್ಕೆ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ರಕ್ಷಣಾ ಸಂಶೋಧನಾ ಸಂಸ್ಥೆಗೂ ಸಾವಿರಾರು ಎಕರೆ ಹೋಯಿತು. ಅದೇ ಕಾವಲಿನ ಕುದಾಪುರದಲ್ಲಿ ಜಾಗ ಪಡೆದ ಭಾರತೀಯ ವಿಜ್ಞಾನ ಸಂಸ್ಥೆ ಊರ ಮೇಷ್ಟರುಗಳನ್ನು ಕರೆಸಿ ವಿಜ್ಞಾನ, ಗಣಿತದ ತರಬೇತಿ ಕೊಡುತ್ತಿದೆ ಎಂಬುದನ್ನೂ ಹೇಳಬೇಕು. ಕುರಿ ಮೇಯುವ ಜಾಗ ಕಳೆದುಕೊಂಡವರಿಗೆ ಅದು ಸಮಾಧಾನವಾಗದಿರಬಹುದು, ಮೇಷ್ಟರುಗಳ ಪಾಲಿಗೆ ಒಳ್ಳೆಯ ಶಾಲೆಯೇ.

ದೊಡ್ಡ ಸಂಖ್ಯೆಯ ಜನಕ್ಕೆ ಅಕ್ಷರ ಕಲಿಸಿದ್ದು ಯಾವ ವಿದೇಶಿ ಹಣವೂ ಅಲ್ಲ. 1978ರ ಅಕ್ಟೋಬರ್ 2ರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ, 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್, 1990ರ ದಶಕದ ಜಿಲ್ಲಾವಾರು ಆಂದೋಲನ, ಬೀದಿನಾಟಕದ ಜಾಥಾಗಳು, ಪ್ರೇರಕರು, ಇವೆಲ್ಲ ನಮ್ಮ ತೆರಿಗೆಯ ಹಣ ಮತ್ತು ನಮ್ಮ ಹುಡುಗರ ಉಚಿತ ದುಡಿಮೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36, ಚಿತ್ರದುರ್ಗ ಜಿಲ್ಲೆಯದು ಶೇ. 73.71. ಜಿಲ್ಲೆಯ ಹೆಂಗಸರ ಲೆಕ್ಕ ಶೇ. 66ರ ಹತ್ತಿರ, ಅಂದರೆ ಮೂವರಲ್ಲಿ ಒಬ್ಬಳು ಹೊರಗೆ.

ಹೊರಗುಳಿದವಳು ಏನೂ ಅರಿಯದವಳು ಎಂದುಕೊಳ್ಳುವವರಿಗೆ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಹೇಳಿದರೆ ಸಾಕು. ಶಾಲೆಯ ಮೆಟ್ಟಿಲು ಹತ್ತದ ಈ ಕಾಡುಗೊಲ್ಲ ಮುದುಕಿ ಸಾವಿರಾರು ಪದಗಳನ್ನು ಬಾಯಲ್ಲಿಟ್ಟುಕೊಂಡಿದ್ದಳು. ಕೃಷ್ಣಮೂರ್ತಿ ಹನೂರು ಅವುಗಳನ್ನು ‘ಸಾವಿರದ ಸಿರಿ ಬೆಳಗು’ ಎಂಬ ಪುಸ್ತಕವಾಗಿ ತಂದರು. ತುಳುನಾಡಿನ ಗೋಪಾಲ ನಾಯ್ಕರ ಸಿರಿ ಮಹಾಕಾವ್ಯವನ್ನು 1990ರಲ್ಲಿ ಧ್ವನಿಮುದ್ರಿಸಿಕೊಳ್ಳಲು ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಸಂಗಡಿಗರು ಬಂದಿದ್ದರು. ನಮ್ಮ ಸಿರಿಯಜ್ಜಿಯನ್ನು ಹುಡುಕಿಕೊಂಡು ಹೋದದ್ದು ಕನ್ನಡದ ಮೇಷ್ಟರು. ಗ್ರುಂಟ್ವಿಗ್ ಇದ್ದಿದ್ದರೆ ಅವಳನ್ನು ಕಲಿಯುವವರ ಸಾಲಿನಲ್ಲಿ ಕೂರಿಸದೆ ಮೇಷ್ಟ್ರ ಕುರ್ಚಿಯಲ್ಲಿ ಕೂರಿಸುತ್ತಿದ್ದ ಎಂದು ನನಗೆ ಖಾತ್ರಿ.

ಈಗ ಗಡಿಯ ಹಣದ ವಿಷಯ. ಐರೋಪ್ಯ ಒಕ್ಕೂಟದಲ್ಲಿ 1990ರಿಂದ ಇಂಟರ್‌ರೆಗ್ ಎಂಬ ಇನ್ನೊಂದು ನಿಧಿಯಿದೆ. ಗಡಿಯ ಎರಡೂ ಬದಿಯ ಸಂಸ್ಥೆಗಳು ಒಟ್ಟಿಗೆ ಅರ್ಜಿ ಹಾಕಿದರೆ ಮಾತ್ರ ಹಣ. ಒಂದು ಬದಿಯವರಿಗೆ ಇಲ್ಲ. ಗ್ರುಂಟ್ವಿಗ್‌ನ ರೋಡಿಂಗ್ ಇರುವ ದಕ್ಷಿಣ ಜಟ್ಲೆಂಡ್ ಮತ್ತು ಜರ್ಮನಿಯ ಶ್ಲೆಸ್ವಿಗ್ 1997ರಲ್ಲಿ ಜಂಟಿ ಪ್ರದೇಶವೊಂದನ್ನು ಕಟ್ಟಿಕೊಂಡು ಈ ಬಗೆಯ ಕೆಲಸ ನಡೆಸುತ್ತಿವೆ. ನಮ್ಮಲ್ಲಿ ಗಡಿ ಎಂದರೆ ಕಾಯಬೇಕಾದದ್ದು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಕನ್ನಡ ಶಾಲೆಗೆ, ಭವನಕ್ಕೆ, ಉತ್ಸವಕ್ಕೆ ಹಣ ಕೊಡುತ್ತದೆ, ಕೊಡಬೇಕಾದದ್ದೇ. ಆಂಧ್ರ ತನ್ನ ಕಡೆಯಿಂದ ತನ್ನ ಭಾಷೆಗೆ ಕೊಡುತ್ತದೆ. ಇಬ್ಬರೂ ಒಂದೇ ಚೀಲಕ್ಕೆ ಹಣ ಹಾಕಿ, ಮೊಳಕಾಲ್ಮುರಿನ ನೇಕಾರ ಮತ್ತು ರಾಯದುರ್ಗದ ನೇಕಾರ ಕೂತು ಕಲಿಯುವ ಒಂದು ತಿಂಗಳ ಶಾಲೆ ನಡೆಸಿದ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ.

2022ರಿಂದ 2027ರವರೆಗೆ ನಡೆಯುತ್ತಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ, ಅಂದರೆ ಈಗಿನ ಹೆಸರಿನಲ್ಲಿ ‘ಉಲ್ಲಾಸ್’ಗೆ, 1,037.90 ಕೋಟಿ ರೂಪಾಯಿ ಇಟ್ಟಿದ್ದಾರೆ. ಕೇಂದ್ರದ ಪಾಲು 700 ಕೋಟಿ, ಉಳಿದದ್ದು ರಾಜ್ಯಗಳದು. ಇದರಲ್ಲಿ ವಿದೇಶದ ಪಾಲಿಲ್ಲ, ಹಾಗಾಗಿ ನಿಬಂಧನೆಗಳನ್ನು ಹೊರಗಿನವರ ಮೇಲೆ ಹೊರಿಸುವಂತಿಲ್ಲ. ಕಲಿಸುವವರು ಸ್ವಯಂಸೇವಕರು, ಪ್ರೈಮರ್ ಆಯಾ ರಾಜ್ಯದ ಭಾಷೆಯದು. ಮೊಳಕಾಲ್ಮುರು ತಾಲ್ಲೂಕಿನ ಹಟ್ಟಿಯ ಅತ್ತೆಗೆ ಕನ್ನಡದ ಪ್ರೈಮರ್, ರಾಯದುರ್ಗಕ್ಕೆ ಕೊಟ್ಟ ಅವಳ ಮಗಳಿಗೆ ತೆಲುಗಿನದು. ಎರಡೂ ಭಾಷೆಯ ಪಾಠ ಎದುರುಬದುರು ಪುಟದಲ್ಲಿರುವ ಒಂದು ಪುಸ್ತಕ ಮಾಡಲು, ಇಬ್ಬರು ಜಿಲ್ಲಾಧಿಕಾರಿಗಳು ಒಪ್ಪಿದರೆ ಬ್ರಸೆಲ್ಸಿನ ಮಂಜೂರಾತಿ ಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ದಾಟಿ ರಾಯದುರ್ಗಕ್ಕೆ ಹೋಗುವ ರೈಲಿನ ಪ್ಯಾಸೆಂಜರ್ ಟಿಕೆಟ್ಟಿನ ದರದಲ್ಲಿ ಒಂದು ಸಂಘದ ಹೆಂಗಸರು ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅರ್ಜಿ ಬರೆಯುವವರು ಯಾರಾದರೂ ಮುಂದೆ ಬಂದರೆ ಎರಡು ಭಾಷೆಯಲ್ಲೂ ಬರೆಯಲಿ.